ಸತ್ತವರ ಸಹಿ

"ಇದು ಶಾಂತಪ್ಪನದ್ದಲ್ಲ."

ವಾರಿಜಾ ಅಷ್ಟು ಹೇಳಿದ್ದೇ ತಡ, ಲವಂಗ ಅಗಿಯುತ್ತಿದ್ದ ಮುಕ್ತಾರನ ಬಾಯಿ ಹಾಗೇ ನಿಂತಿತು.

ಘಾಟ್ಕೋಪರಿನ ಹೋಟೆಲ್ ಸುಮುಖದಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿಗೆ ಇನ್ನೂ ಒಲೆ ಹೊತ್ತಿಸದ ಹೊತ್ತು. ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ರೈಲ್ವೆ ಪೊಲೀಸರು ಕಳಿಸಿಕೊಟ್ಟ ಪ್ಲಾಸ್ಟಿಕ್ ಚೀಲ ಬಿಚ್ಚಿಕೊಂಡು ಬಿದ್ದಿತ್ತು. ಒಂದು ಕಪ್ಪು ಲುಂಗಿ, ಗಾಜು ಒಡೆದ ಮೊಬೈಲು, ತುಳಸಿಮಣಿಯ ಮಾಲೆ, ಮತ್ತೆ ಎಡಗಾಲಿನ ಒಂದೇ ಒಂದು ಕೊಲ್ಲಾಪುರಿ ಚಪ್ಪಲಿ.

ಯಜಮಾನ ಮೋನಪ್ಪ ತೀರಿಕೊಂಡು ತಿಂಗಳಾಗಿತ್ತು. ಅವರ ಉಯಿಲಿಗೆ ಸಾಕ್ಷಿ ಹಾಕಿದ್ದ ಇಬ್ಬರಲ್ಲಿ ಮ್ಯಾನೇಜರ್ ಶಾಂತಪ್ಪ ಮೊನ್ನೆ ಬೈಕುಲ್ಲಾದ ಹತ್ತಿರ ಲೋಕಲ್‌ನಿಂದ ಬಿದ್ದು ಸತ್ತಿದ್ದ. ಉಳಿದವಳು ಇಡ್ಲಿ ಹಿಟ್ಟು ರುಬ್ಬುವ ವಾರಿಜಾ ಒಬ್ಬಳೇ.

"ಈ ಚಪ್ಪಲಿ ಹೆಣದ ಬಾಜೂಕ ಬಿದ್ದಿತ್ತು ಅಂತ ಪೊಲೀಸರು ಬರಕೊಂಡಾರ ಅಕ್ಕಾರ," ಎಂದ ಮುಕ್ತಾರ. ಕೋರ್ಟಿನಲ್ಲಿ ನೋಟೀಸು ಮುಟ್ಟಿಸುವ ಬೇಲಿಫ್ ಆಗಿ ನಿವೃತ್ತನಾದ ಮೇಲೆ ಬೈಕುಲ್ಲಾದ ಒಂದು ಸಣ್ಣ ಖೋಲಿಯಲ್ಲಿ ಕೂತು ಖಾಸಗಿ ಪತ್ತೇದಾರಿಕೆ ಮಾಡುವವ. ಶಾಂತಪ್ಪನ ಹಳೆಯ ಗೆಳೆಯ. "ಅಂವಂದಲ್ಲ ಅಂತ ಹೆಂಗ ಹೇಳ್ತೀರಿ?"

"ಅವ ಅಯ್ಯಪ್ಪನ ಮಾಲೆ ಹಾಕಿದ್ದಲ್ವಾ ಮುಕ್ತಾರ್ ಭಾಯಿ. ಮಾಲೆ ಹಾಕಿದವರು ಚಪ್ಪಲಿ ಮೆಟ್ಲಿಕ್ಕಿಲ್ಲ. ಶಬರಿಮಲೆಗೆ ಹೋಗಿ ಬರುವವರೆಗೆ ಬರಿಗಾಲು. ಬಿಸಿಲಾಗ್ಲಿ, ಸ್ಟೇಷನ್ನಿನ ಗಲೀಜಾಗ್ಲಿ, ಬರಿಗಾಲೇ."

ಮುಕ್ತಾರ ಹಣೆ ಬಡಿದುಕೊಂಡ. "ಕರಿ ಬಟ್ಟಿ ನೋಡಿದ್ದೆ. ಹೋದ ವಾರ ಸಂಕಷ್ಟಿ ದಿನ ಇಬ್ರೂ ಇಲ್ಲೇ ಕೂತು ನೀವು ಮಾಡಿದ್ದ ಸಾಬೂದಾನ ಖಿಚಡಿ ತಿಂದಿವಿ. ಅಂವನ ಕಾಲು ಮಾತ್ರ ನೋಡಲಿಲ್ಲ ನೋಡ್ರಿ ನಾನು. ಎಂಥಾ ಪತ್ತೇದಾರ!"

ಹಾಗಾದರೆ ಶಾಂತಪ್ಪ ಬೀಳುವಾಗ ಅವನ ಪಕ್ಕದಲ್ಲಿ ಇನ್ನೊಂದು ಕಾಲು ಇತ್ತು. ಆ ಕಾಲಿನ ಚಪ್ಪಲಿ ಉದುರಿತ್ತು. ತಾನಾಗಿ ಬಿದ್ದವನ ಜೊತೆ ಇನ್ನೊಬ್ಬರ ಚಪ್ಪಲಿ ಯಾಕೆ ಬೀಳುತ್ತದೆ?

ಅವಳು ಚಪ್ಪಲಿಯನ್ನು ಮಗುಚಿ ನೋಡಿದಳು. ನೋಡಬಾರದಿತ್ತು. ಹೆಬ್ಬೆರಳಿನ ಉಂಗುರ ಕಿತ್ತುಹೋಗಿದ್ದ ಕಡೆ ಅಡ್ಡಡ್ಡ ಹೊಲಿಗೆ. ಮೋಚಿಯ ನೂಲಲ್ಲ, ಅಕ್ಕಿ ಗೋಣಿಯ ಬಾಯಿ ಹೊಲಿಯುವ ಹುರಿ. ಕೊನೆಯಲ್ಲಿ ಎರಡು ಸಲ ಸುತ್ತಿ ಹಾಕಿದ ಗಂಟು.

ಚಪ್ಪಲಿ ಅವಳ ಕೈಯಿಂದ ಜಾರಿ ಕಟ್ಟೆಯ ಮೇಲೆ ಬಿತ್ತು. ಆ ಗಂಟನ್ನು ಹಾಗೆ ಹಾಕುವವರು ಈ ಅಡುಗೆಮನೆಯಲ್ಲಿ ಬೇರೆ ಯಾರೂ ಇಲ್ಲ.

"ಯಾಕ್ರೀ, ಮೈಯಾಗ ಹುಷಾರಿಲ್ಲೇನು?"

"ಇದು ನನ್ನ ಹೊಲಿಗೆ," ಎಂದಳು ವಾರಿಜಾ. "ಗಣಪತಿ ಪೂಜೆ ದಿನ ಯಾರೋ ಕಿತ್ತುಹೋಯ್ತು ಅಂತ ತಂದರು. ನಾನೇ ದಬ್ಬಣ ತೆಗೆದು ಹೊಲಿದು ಕೊಟ್ಟೆ. ಆದ್ರೆ ಯಾರಿಗೆ? ಅವತ್ತು ಇಡೀ ಬಳಗ ಇಲ್ಲಿತ್ತು, ಕೈಗೆ ಪುರುಸೊತ್ತಿರಲಿಲ್ಲ. ಯಾರಿಗೆ ಅಂತ ನೆನಪಾಗುದಿಲ್ಲ ಭಾಯಿ."

ಹೊರಗಿನ ಯಾವನೋ ಕಳ್ಳ ಅಲ್ಲ, ಪೋಕರಿ ಅಲ್ಲ. ತನ್ನ ಕೈಯಿಂದ ಬಡಿಸಿಕೊಂಡು ಉಂಡವರೇ ಯಾರೋ.

ಮುಕ್ತಾರ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. "ನೆನಪು ಮಾಡ್ಕೋರಿ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಮೋನಪ್ಪನವರು ಆ ವಿಲ್ ಮ್ಯಾಲ ಸಹಿ ಮಾಡೂದನ್ನ ನೀವು ಕಣ್ಣಾರೆ ನೋಡೀರೇನು?"

ವಾರಿಜಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು.

ಅಷ್ಟರಲ್ಲಿ ಹೊರಗೆ ಗಲ್ಲಾದ ಹತ್ತಿರ ಗಂಡಸಿನ ದೊಡ್ಡ ಸ್ವರ. ಅಡುಗೆಮನೆಯ ತೆರೆ ಸರಿಯಿತು. ಮೋನಪ್ಪನವರ ಒಬ್ಬನೇ ಮಗ ಪ್ರೀತಮ್, ಕಾಲಲ್ಲಿ ಬೂಟು ಹಾಕಿಕೊಂಡೇ ಒಳಗೆ ಬಂದ. ಒಲೆ ಇರುವ ಜಾಗಕ್ಕೆ ಯಜಮಾನರೇ ಚಪ್ಪಲಿ ಬಿಟ್ಟು ಬರುತ್ತಿದ್ದರು. ವಾರಿಜಾಳ ಕಣ್ಣು ಮೊದಲು ಹೋದದ್ದು ಆ ಬೂಟಿನ ಮೇಲೆ. ಗಣಪತಿ ಪೂಜೆಗೆ ಇವನೂ ಬಂದಿದ್ದ. ಅವತ್ತು ಕಾಲಲ್ಲಿ ಏನಿತ್ತು? ದೇವರೇ, ಏನಿತ್ತು?

"ವಾರಿಜಕ್ಕ, ಸಿಂಪಲ್ ಬಾತ್ ಹೈ," ಎನ್ನುತ್ತಾ ಅವನು ಒಂದು ಕಾಗದವನ್ನು ಕಟ್ಟೆಯ ಮೇಲೆ ಇಟ್ಟ. "ಇದಕ್ಕೆ ಸಹಿ ಹಾಕಿ. ಪಪ್ಪ ಸಹಿ ಮಾಡಿದ್ದನ್ನು ನಾನು ನೋಡಿಲ್ಲ ಅಂತ ಇದೆ, ಬಸ್."

"ಸಾಕ್ಷೀನ ಹಿಂಗ ಅಡಿಗಿಮನ್ಯಾಗ ಬಂದು ಹೆದರಸೂದು ಸರಿ ಅಲ್ಲರೀ," ಎಂದ ಮುಕ್ತಾರ.

"ಹೆದರಿಸ್ತಾ ಇಲ್ಲ. ಸತ್ಯ ಕೇಳ್ತಾ ಇದ್ದೇನೆ. ಪಪ್ಪ ನನ್ನ ಜೊತೆ ಮಾತು ಬಿಟ್ಟಿದ್ದು ನಿಜ. ಹೋಟೆಲ್ ಮಾರಿಬಿಡಿ ಅಂದಿದ್ದಕ್ಕೆ ಕೋಪ. ಲೇಕಿನ್ ಇಡೀ ಹೋಟೆಲ್ ತಂಗಿ ಮಗಳಿಗೆ, ಮಗನಿಗೆ ಝೀರೋ? ಅದೂ ಯಾವ ವಿಲ್? ಇಂಟರ್ನೆಟ್‌ನಿಂದ ನಮೂನೆ ತೆಗೆದು ಮನೇಲಿ ಟೈಪ್ ಮಾಡಿದ್ದು!"

"ಮನ್ಯಾಗ ಬರದ್ರೂ ವಿಲ್ ವಿಲ್ಲೇ," ಮುಕ್ತಾರ ಮೆಲ್ಲಗೆ ಹೇಳಿದ. "ಸ್ಟಾಂಪ್ ಪೇಪರ್ ಬ್ಯಾಡ, ರಿಜಿಸ್ಟರ್ ಆಗಬೇಕಂತಿಲ್ಲ, ವಕೀಲನೂ ಬ್ಯಾಡ. ಸಹಿ ಬೇಕು, ಎರಡು ಸಾಕ್ಷಿ ಬೇಕು. ಖರೇ ಅಂದ್ರ ವಕೀಲರ ಕಡೆ ಹೋಗಿದ್ರ ಛಲೋ ಇತ್ತು. ಅವರು ತಮ್ಮ ಮಂದೀನ್ನ ಸಾಕ್ಷಿ ಮಾಡಸ್ತಾರ, ಡಾಕ್ಟರ್ ಕಡೆ ಬರಸ್ತಾರ, ವಿಡಿಯೋ ತಗೀತಾರ. ಆಮ್ಯಾಲ ಯಾರೂ ಹಿಟ್ಟು ರುಬ್ಬೋ ಹೆಣಮಗಳ ಬೆನ್ನು ಹತ್ತೂದಿಲ್ಲ."

"ಅದೇ ನಾನು ಹೇಳೋದು!" ಪ್ರೀತಮ್ ಕಟ್ಟೆಗೆ ಗುದ್ದಿದ. ತಟ್ಟೆಗಳು ಝಣ್ ಎಂದವು. "ಯಕ್ಷಿತಾ ಎಲ್ಲರ ಹತ್ರ ಏನು ಹೇಳ್ತಾ ಇದ್ದಾಳೆ? ಮಾವನಿಗೆ ವಕೀಲರಂದ್ರೆ ಆಗ್ತಾ ಇರಲಿಲ್ಲ, ಅದಕ್ಕೆ ತಾವೇ ವಿಲ್ ಮಾಡಿದರು ಅಂತ. ಝೂಟ್! ಪಪ್ಪ ಫೋರ್ಟ್ ಏರಿಯಾದಲ್ಲಿ ಸಾಲಿಸಿಟರ್ ವಕೀಲರ ಅಪಾಯಿಂಟ್‌ಮೆಂಟ್ ತಗೊಂಡಿದ್ರು. ಸೋಮವಾರಕ್ಕೆ. ಭಾನುವಾರ ಹೋಗ್ಬಿಟ್ರು."

ಮುಕ್ತಾರ ತಲೆ ಎತ್ತಿದ. "ನಿಮಗ ಯಾರು ಹೇಳಿದ್ರು?"

"ಶಾಂತಪ್ಪ. ಸಾಯುವ ಎರಡು ದಿನ ಮೊದಲು ಫೋನ್ ಮಾಡಿದ್ದ. ಇನ್ನೂ ಏನೋ ಹೇಳ್ಬೇಕು ಅಂದಿದ್ದ." ಪ್ರೀತಮ್ ವಾರಿಜಾಳ ಹತ್ತಿರಕ್ಕೆ ಬಾಗಿದ. "ಒಬ್ಬ ಸಾಕ್ಷಿ ಹೋದ. ಈಗ ನೀವೊಬ್ಬರೇ. ಯೋಚನೆ ಮಾಡಿ ವಾರಿಜಕ್ಕ. ಬಾಯಿ ಬಿಡದೆ ಕೂತ್ರೆ ನಿಮಗೇ ಕಷ್ಟ."

ಅವನು ಹೋದ. ಬೂಟಿನ ಗುರುತು ಮಾತ್ರ ಒದ್ದೆ ನೆಲದ ಮೇಲೆ ಹಾಗೇ ಉಳಿಯಿತು. ವಾರಿಜಾ ಬಟ್ಟೆ ತೆಗೆದುಕೊಂಡು ಆ ಗುರುತನ್ನು ಉಜ್ಜಿ ಉಜ್ಜಿ ಒರೆಸಿದಳು.

ಇವನೇ. ಇವನಲ್ಲದೆ ಇನ್ಯಾರು? ಸಾಕ್ಷಿಗಳು ಸತ್ತರೆ ಉಯಿಲು ಸತ್ತಿತು. ಉಯಿಲು ಸತ್ತರೆ ಹೋಟೆಲು ಇವನಿಗೆ. ಲೆಕ್ಕ ಇಷ್ಟು ಸುಲಭ ಇರುವಾಗ ಪತ್ತೇದಾರ ಯಾಕೆ ಬೇಕು?

"ನಾ ಫೋರ್ಟಿಗೆ ಹೋಗಿ ಬರ್ತೇನಿ," ಮುಕ್ತಾರ ಎದ್ದ. "ಸಾಲಿಸಿಟರ್ ಆಫೀಸಿನ್ಯಾಗ ನಮ್ಮ ಕೋರ್ಟಿನ ಹಳೇ ಗುಮಾಸ್ತ ಒಬ್ಬ ಅದಾನ. ನೀವು ಒಬ್ರ ಎಲ್ಲೂ ಹೋಗಬ್ಯಾಡ್ರಿ. ಫೋನ್ ಹತ್ರ ಇಟ್ಕೋರಿ."

ಅವನು ಹೋದ ಮೇಲೆ ಹಿಂಬಾಗಿಲಿನ ಗಲ್ಲಿಯಲ್ಲಿ ಕಾರೊಂದು ಬಂದು ನಿಂತಿತು. ಮೋನಪ್ಪನವರ ಸೊಸೆ, ಅಂದರೆ ತಂಗಿಯ ಮಗಳು ಯಕ್ಷಿತಾ. ಫ್ರಾಕು ಹಾಕುವ ಕಾಲದಿಂದ ಈ ಅಡುಗೆಮನೆಯಲ್ಲಿ ಆಡಿ ಬೆಳೆದವಳು. ಮಾವ ತೀರಿಕೊಂಡ ಮೇಲೆ ಕೋರ್ಟು, ವಕೀಲರು ಎಂದು ಓಡಾಡಿ, ತಿಂಗಳಿಂದ ಹೋಟೆಲಿನ ಕಡೆಗೇ ಬಂದಿರಲಿಲ್ಲ. ಅವಳನ್ನು ಕಂಡದ್ದೇ ವಾರಿಜಾಳಿಗೆ ಅಳು ಬಂತು.

"ಪ್ರೀತಮ್ ಬಂದಿದ್ದಾನೆ ಅಂತ ಕ್ಯಾಶಿಯರ್ ಫೋನ್ ಮಾಡಿದ. ನಡೀರಿ ವಾರಿಜಕ್ಕ, ನಮ್ಮ ಮನೆಗೆ. ಕೋರ್ಟ್ ಡೇಟ್ ಆಗುವವರೆಗೆ ಅಲ್ಲೇ ಇರಿ. ಸೇಫ್ ಇರ್ತೀರಿ."

"ಮುಕ್ತಾರ್ ಭಾಯಿಗೆ ಒಂದು ಮಾತು..."

"ಯಾರಿಗೂ ಹೇಳ್ಬೇಡಿ. ಆ ಮನುಷ್ಯನಿಗೆ ಯಾರು ಪೈಸೆ ಕೊಡ್ತಾ ಇದ್ದಾರೆ, ನಮಗೇನು ಪತ್ತಾ?"

ಅದೂ ಸರಿ ಅನ್ನಿಸಿತು. ಹೆದರಿದವರಿಗೆ ಎಲ್ಲವೂ ಸರಿ ಅನ್ನಿಸುತ್ತದೆ, ನೋಡಿ.

ಮಲಾಡಿನ ಆ ಬಿಲ್ಡಿಂಗಿನಲ್ಲಿ ಲಿಫ್ಟು ಮೇಲೆ ಮೇಲೆ ಹೋದಂತೆಲ್ಲ ವಾರಿಜಾಳಿಗೆ ಉಸಿರು ಸಲೀಸಾಯಿತು. ಕೆಳಗೆ ವಾಚ್‌ಮ್ಯಾನ್ ಇದ್ದ. ಫ್ಲಾಟಿಗೆ ಕಬ್ಬಿಣದ ಸೇಫ್ಟಿ ಡೋರ್ ಇತ್ತು. ಯಕ್ಷಿತಾ ಒಳಗಿನಿಂದ ಎರಡು ಬೀಗ ಹಾಕಿದಳು. ಆ ಸದ್ದು ಕೇಳಿ ವಾರಿಜಾಳಿಗೆ ಜೀವ ಬಂದಂತಾಯಿತು. ಪ್ರೀತಮ್ ಇಲ್ಲಿಗೆ ಬರಲಾರ.

ಸೋಫಾದ ಮೇಲೆ ಅವಳನ್ನು ಕೂರಿಸಿ, ಯಕ್ಷಿತಾ ಎದುರಿಗೆ ಕೂತಳು.

"ವಾರಿಜಕ್ಕ, ಜಡ್ಜ್ ಕೇಳಿದ್ರೆ ಎಂತ ಹೇಳ್ಬೇಕು ಅಂತ ಒಮ್ಮೆ ನೋಡುವ. ಮಾವ ನನ್ನ ಎದುರಿಗೇ ಸಹಿ ಮಾಡಿದ್ರು, ಆಮೇಲೆ ನಾನು ಸಹಿ ಮಾಡಿದೆ. ಇಷ್ಟೇ. ಈಸಿ."

ವಾರಿಜಾ ನೆಲ ನೋಡಿದಳು. ತಿಂಗಳಿಂದ ಹೊಟ್ಟೆಯೊಳಗೆ ಕೊರೆಯುತ್ತಿದ್ದ ಮಾತು. ಮುಕ್ತಾರನಿಗೆ ಹೇಳಲು ನಾಚಿಕೆಯಾಗಿತ್ತು. ಇವಳು ಮನೆಯವಳು, ಇವಳ ಹತ್ತಿರ ಎಂತದು ನಾಚಿಕೆ?

"ಮಗಾ, ನಾನು ಯಜಮಾನರನ್ನು ಅವತ್ತು ನೋಡ್ಲೇ ಇಲ್ಲ ಅಲ್ವಾ? ಅವರು ಜ್ವರ ಅಂತ ಮನೆಯಲ್ಲಿದ್ರು. ಕಾಗದ ಅಡುಗೆಮನೆಗೆ ತಂದದ್ದು ನೀನು. ಮೇಲಿಂದ ಮಡಚಿತ್ತು. ಲೈಸೆನ್ಸಿನ ಪೇಪರ್, ಇಲ್ಲಿ ಸಹಿ ಹಾಕಿ ಅಂದಿ. ನಾನು ಹಿಟ್ಟಿನ ಕೈ ಒರೆಸಿ ಹಾಕಿದೆ. ಶಾಂತಪ್ಪನೂ ಹಾಕಿದ."

ಹೋಟೆಲಿನಲ್ಲಿ ಹಾಗೇ. ಫುಡ್ ಲೈಸೆನ್ಸು, ಪ್ರಾವಿಡೆಂಟ್ ಫಂಡು, ಮುನ್ಸಿಪಾಲಿಟಿ, ಒಂದಲ್ಲ ಒಂದು ಕಾಗದ ಬರುತ್ತಲೇ ಇರುತ್ತದೆ. ಗಲ್ಲಾದಿಂದ ಬಂದದ್ದಕ್ಕೆ ಸಹಿ ಹಾಕುವುದು, ಮತ್ತೆ ಕೆಲಸಕ್ಕೆ ಹೋಗುವುದು. ಏನಿದು ಎಂದು ಓದುತ್ತಾ ಕೂತರೆ ಇಡ್ಲಿ ಬೇಯಿಸುವವರು ಯಾರು?

"ಅದೆಲ್ಲ ಕೋರ್ಟ್‌ಗೆ ಬೇಡ," ಎಂದಳು ಯಕ್ಷಿತಾ.

"ದೇವರ ಮೇಲೆ ಆಣೆ ಮಾಡಿಸ್ತಾರಲ್ಲ ಮಗಾ? ಆಣೆ ಮಾಡಿ ಸುಳ್ಳು ಹೇಳಿದ್ರೆ ಧರ್ಮಸ್ಥಳದ ಮಂಜುನಾಥ ಸುಮ್ಮನೆ ಬಿಡ್ತಾನಾ? ನಂಗೆ ಅದೊಂದು ಆಗ್ಲಿಕ್ಕಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಯಜಮಾನರು ಹೇಳಿಯೇ ನೀನು ತಂದದ್ದು, ಅಷ್ಟು ಹೇಳಿದ್ರೆ ಅವರಿಗೆ ಸಾಕಾಗ್ತದೆ ಅಲ್ವಾ?"

ಯಕ್ಷಿತಾ ನಿಟ್ಟುಸಿರು ಬಿಟ್ಟಳು.

"ಶಾಂತಪ್ಪಣ್ಣನೂ ಹೀಗೇ ಹೇಳಿದ್ದು. ಮಾಲೆ ಹಾಕಿದ್ದೇನೆ, ಸುಳ್ಳು ಹೇಳ್ಲಿಕ್ಕಿಲ್ಲ ಅಂತ."

ಅವಳು ಎದ್ದು ಒಳಗೆ ಹೋದಳು. "ಕೂತ್ಕೊಳ್ಳಿ. ಕಷಾಯ ಮಾಡ್ತೇನೆ. ತುಂಬ ಟೆನ್ಶನ್ ಆಗಿದೆ ನಿಮಗೆ."

ವಾರಿಜಾ ಒಬ್ಬಳೇ ಕೂತಳು. ಶಾಂತಪ್ಪ ಇವಳಿಗೆ ಯಾವಾಗ ಹೇಳಿದ? ಮಾಲೆ ಹಾಕಿದ ಮೇಲೆ ಅವನು ಬದುಕಿದ್ದದ್ದೇ ನಾಲ್ಕು ದಿನ. ತಿಂಗಳಿಂದ ಅವನನ್ನು ಕಂಡೇ ಇಲ್ಲ ಎಂದು ಪೊಲೀಸರ ಎದುರು ಅತ್ತಿದ್ದಳಲ್ಲ ಇವಳು?

ಫೋನು ಬಡಿದುಕೊಂಡಿತು. ಮುಕ್ತಾರ. ಹಿಂದೆ ಸ್ಟೇಷನ್ನಿನ ಗದ್ದಲ. ವಾರಿಜಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅಕ್ಕಾರ, ಪ್ರೀತಮ್ ಹೇಳಿದ್ದು ಖರೇ. ಮೋನಪ್ಪನವರೇ ಫೋನ್ ಮಾಡಿ ಸೋಮವಾರ ಬರ್ತೇನಿ ಅಂದಾರ. ಏನಂದಾರ ಗೊತ್ತೇನು? ವಿಲ್ ಇನ್ನೂ ಮಾಡಿಲ್ಲ, ನನಗ ಇದು ತಿಳಿಯೂದಿಲ್ಲ, ನೀವೇ ಬರದು ಕೊಡ್ರಿ ಅಂದಾರ. ಗುಮಾಸ್ತ ಬರಕೊಂಡಾನ. ನೀವು ಸಹಿ ಹಾಕಿದ ವಿಲ್ ಮ್ಯಾಲಿನ ತಾರೀಖು ಅದಕ್ಕಿಂತ ಮೊದಲಿನದು! ವಿಲ್ ಮಾಡಿದ ಮನಿಷಾ ಮಾಡಿಲ್ಲ ಅಂತ ಯಾಕ ಅಂತಾನ?"

ವಾರಿಜಾ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು.

"ಇನ್ನೊಂದು. ನಾವು ಉಲ್ಟಾ ತಿಳಕೊಂಡಿದ್ವಿ. ಸಾಕ್ಷಿ ಸತ್ರ ವಿಲ್ ಸಾಯೂದಿಲ್ಲ. ಸತ್ತವರ ಸಹಿ ಅವರದೇ ಅಂತ ಅಕ್ಷರ ತೋರಿಸಿದ್ರ ಸಾಕು, ಕೋರ್ಟಿನ್ಯಾಗ ನಡೀತದ. ನಿಮ್ಮ ಸಹಿ, ಶಾಂತಪ್ಪನ ಸಹಿ, ಎರಡೂ ಖರೇ ಸಹಿ ಅದಾವು ಅಲ್ಲೇನು? ಸತ್ತವರು ಸುಮ್ಮನಿರ್ತಾರ. ಬದುಕಿದ್ದವರು ಬಾಯಿ ಬಿಟ್ರ ಮಾತ್ರ ವಿಲ್ ಬೀಳ್ತದ. ಹಂಗಾದ್ರ ನೀವು ಸತ್ರ ಲಾಭ ಪ್ರೀತಮ್‌ಗಲ್ಲ ಅಕ್ಕಾರ. ನೀವು ಈಗ ಎಲ್ಲಿದ್ದೀರಿ? ಹೋಟೆಲಿನ್ಯಾಗ ಇಲ್ಲಂತ. ಎಲ್ಲಿದ್ದೀರಿ?"

ಉತ್ತರ ಗಂಟಲಿನವರೆಗೆ ಬಂದಿತ್ತು. ಆಗಲೇ ಒಳಗಿನ ಕೋಣೆಯ ಬಾಗಿಲು ತೆರೆಯಿತು.

ಯಕ್ಷಿತಾಳ ಗಂಡ ಸೃಜನ್ ಹೊರಗೆ ಬಂದ. ಮನೆಯಲ್ಲಿ ಅವನು ಇದ್ದಾನೆಂದೇ ವಾರಿಜಾಳಿಗೆ ಗೊತ್ತಿರಲಿಲ್ಲ. ಕುಂಟುತ್ತಿದ್ದ. ಎಡಗಾಲಿನ ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡಿದ್ದ.

"ನಮಸ್ಕಾರ ವಾರಿಜಕ್ಕ. ಏನಿಲ್ಲ, ಹೊಸ ಚಪ್ಪಲಿ ಕಚ್ಚಿದೆ," ಎಂದು ನಕ್ಕ.

ಆ ನಗುವಿನ ಜೊತೆಗೇ ಗಣಪತಿ ಪೂಜೆಯ ದಿನ ಕಣ್ಣೆದುರಿಗೆ ಬಂದು ನಿಂತಿತು. ಆರತಿಯ ಗಂಟೆ. ಮೋದಕದ ಹಬೆ. ರೇಷ್ಮೆ ಪಂಚೆ ಉಟ್ಟು, ಒಂದು ಕಾಲಲ್ಲಿ ಕುಪ್ಪಳಿಸುತ್ತಾ ಅಡುಗೆಮನೆ ಬಾಗಿಲಿಗೆ ಬಂದು, ಕಿತ್ತುಹೋದ ಚಪ್ಪಲಿ ಚಾಚಿ ಹೀಗೇ ನಕ್ಕಿದ್ದ. ವಾರಿಜಕ್ಕ, ಜರಾ ಮದತ್ ಮಾಡಿ.

ಅಯ್ಯೋ ದೇವರೇ.

ಕಿವಿಯಲ್ಲಿ ಮುಕ್ತಾರ ಇನ್ನೂ ಕೂಗುತ್ತಿದ್ದ. "ಅಕ್ಕಾರ? ಎಲ್ಲಿದ್ದೀರಿ ಹೇಳ್ರಿ!"

"ಯಾರದ್ದು ಫೋನ್?" ಸೃಜನ್ ಕೇಳಿದ.

"ರಾಂಗ್ ನಂಬರ್," ಎಂದು ಅವಳು ಕಟ್ ಮಾಡಿದಳು. ಸೃಜನ್ ಕೈ ಚಾಚಿ, ಬಹಳ ಪ್ರೀತಿಯಿಂದ, ಫೋನನ್ನು ಅವಳ ಕೈಯಿಂದ ತೆಗೆದುಕೊಂಡ. "ಚಾರ್ಜ್‌ಗೆ ಹಾಕ್ತೇನೆ."

ಕಬ್ಬಿಣದ ಬಾಗಿಲಿಗೆ ಎರಡು ಬೀಗ. ಕೀಲಿಗೊಂಚಲು ಎಲ್ಲಿ? ಕೊಕ್ಕೆಯಲ್ಲಿ ಇರಲಿಲ್ಲ. ಕಿಟಕಿಗೆ ಗ್ರಿಲ್ಲು. ಆಗಲೇ ಜೀವ ತಂದಿದ್ದ ಬೀಗಗಳೇ ಈಗ ಜೀವ ಹಿಂಡಿದವು.

ಯಕ್ಷಿತಾ ಸ್ಟೀಲಿನ ಲೋಟ ಹಿಡಿದು ಬಂದಳು. ಕೊತ್ತಂಬರಿ, ಜೀರಿಗೆ, ಬೆಲ್ಲದ ಪರಿಮಳ. ಊರಿನ ಪರಿಮಳ. ಬೇರೆ ಹೊತ್ತಿನಲ್ಲಾಗಿದ್ದರೆ ವಾರಿಜಾ ಎರಡು ಲೋಟ ಕುಡಿಯುತ್ತಿದ್ದಳು.

"ಬಿಸಿ ಇರುವಾಗಲೇ ಕುಡೀರಿ. ಲಾಸ್ಟ್‌ಗೆ ಮಾವನಿಗೂ ನಾನೇ ಮಾಡಿಕೊಡ್ತಾ ಇದ್ದದ್ದು."

ಯಜಮಾನರು ತೀರಿಕೊಂಡ ಭಾನುವಾರವೂ ಕೊಟ್ಟಿದ್ದಳೇ? ಕೇಳುವ ಧೈರ್ಯ ಇರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಲೋಟ ಅವಳ ಕೈಗೆ ಬಂತು. ತುಟಿಯ ಹತ್ತಿರಕ್ಕೂ ಬಂತು. ಕಿಟಕಿಯ ಆಚೆ ಸಂಜೆಯಾಗುತ್ತಿತ್ತು, ದೂರದಲ್ಲೆಲ್ಲೋ ದೇವಸ್ಥಾನದ ಗಂಟೆ.

"ಅಯ್ಯೋ, ನನ್ನ ಮರೆವೇ!" ವಾರಿಜಾ ಲೋಟ ಕೆಳಗಿಟ್ಟಳು. "ಇವತ್ತು ಸಂಕಷ್ಟಿ ಅಲ್ವಾ ಮಗಾ? ಚಂದ್ರನನ್ನು ನೋಡದೆ ನಾನು ಒಂದು ಹನಿ ಸಹ ಬಾಯಿಗೆ ಹಾಕುದಿಲ್ಲ. ನಿನಗೆ ಗೊತ್ತುಂಟಲ್ಲ."

ಯಕ್ಷಿತಾ ಹುಬ್ಬು ಗಂಟಿಕ್ಕಿದಳು. ವಾರಿಜಕ್ಕನ ಸಂಕಷ್ಟಿ ಉಪವಾಸ ಅವಳು ಚಿಕ್ಕಂದಿನಿಂದ ಕಂಡದ್ದೇ. "ಹಾಂ... ಸರಿ. ಚಂದ್ರ ಬಂದ ಮೇಲೆ ಬಿಸಿ ಮಾಡಿಕೊಡ್ತೇನೆ. ಅರ್ಜೆಂಟ್ ಎಂತ ಇಲ್ಲ."

ವಾರಿಜಾ ಕಣ್ಣು ಮುಚ್ಚಿದಳು. ಚಂದ್ರ ಬರುವವರೆಗೆ ಹೊತ್ತು ಸಿಕ್ಕಿತು. ಅಷ್ಟರಲ್ಲಿ ತಾನು ಎಲ್ಲಿದ್ದೇನೆಂದು ಮುಕ್ತಾರನಿಗೆ ಹೊಳೆದೀತು. ಸುಳ್ಳು ಹೇಳಲಾರೆ ಎಂದು ಜೀವಕ್ಕೇ ಕುತ್ತು ತಂದುಕೊಂಡವಳು, ಹೋದ ವಾರವೇ ಕಳೆದ ಸಂಕಷ್ಟಿಯನ್ನು ಇವತ್ತೆಂದು ಗಣಪತಿಯ ಹೆಸರಿನಲ್ಲೇ ಸುಳ್ಳು ಹೇಳಿದ್ದಳು. ತಪ್ಪಾಯಿತಪ್ಪಾ, ಹೊಟ್ಟೆಗೆ ಹಾಕಿಕೋ.

ಕಣ್ಣು ತೆರೆದಾಗ ಸೃಜನ್ ಎದುರಿಗಿರಲಿಲ್ಲ.

ಅವನು ಕುಂಟುತ್ತಾ ಫ್ರಿಜ್ಜಿನ ಕಡೆ ಹೋಗಿದ್ದ. ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಮುಂಬಯಿಯ ಮನೆಮನೆಯಲ್ಲೂ ಇರುವಂಥದ್ದು, ಏಕಾದಶಿ, ಹುಣ್ಣಿಮೆ, ಸಂಕಷ್ಟಿ ಎಲ್ಲವನ್ನೂ ಕೆಂಪು ಅಕ್ಷರದಲ್ಲಿ ಹಾಕಿದ್ದು.

"ಇವತ್ತಾ ಸಂಕಷ್ಟಿ?" ಎನ್ನುತ್ತಾ ಅವನು ತಿಂಗಳ ಮೊದಲ ಮನೆಯ ಮೇಲೆ ಬೆರಳಿಟ್ಟು, ಒಂದೊಂದೇ ತಾರೀಖು ಸರಿಸುತ್ತಾ ಬಂದ.